ಹಿತ್ತಲಿನ ದೋಣೆವ್ವ

ನನಗೆ ಮೀನೆಂದರೆ ಹೇಸಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಮಾಡಿದ್ದನ್ನು ಕೇಳಿದವರು, ಇಂದ್ರವ್ವನ ಕರುಳು ಅಂಬಿಗರಿಗಾಗಿ ಚುರ್ ಎಂದಿತು, ಅವಳದು ದೊಡ್ಡ ಮನಸ್ಸು ಎಂದು ಬಣ್ಣ ಹಚ್ಚಿ ಹೇಳುತ್ತಾರೆ. ಅಂಥ ದೊಡ್ಡ ಮನಸ್ಸು ನನ್ನದಲ್ಲ. ಹೊಳೆಯಲ್ಲಿ ಅರಿವೆ ಒಗೆಯುವಾಗ ಬೆರಳಷ್ಟು ಮೀನು ಕಾಲಿಗೆ ತಾಕಿದರೆ ನನಗೆ ಮೈಯೆಲ್ಲ ಮುಳ್ಳೇಳುತ್ತದೆ. ಈಗಲೂ ಅಷ್ಟೇ.

ನನ್ನ ತವರು ಲೋಕಾಪುರದ ಕಡೆ. ಲಗ್ನವಾಗಿ ಬಂದದ್ದು ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡ ಊರಿಗೆ. ನಮ್ಮದು ಲಿಂಗವಂತರ ಮನೆ. ಅತ್ತೆ ಕಸ್ತೂರೆವ್ವನವರ ಎದುರು ಯಾರಾದರೂ ಮೀನಿನ ಹೆಸರು ಎತ್ತಿದರೆ ಅವರು ಬಾಯಿ ಮುಕ್ಕಳಿಸುತ್ತಿದ್ದರು. ಹೆಸರು ಎತ್ತಿದವರು ಬೇರೆ, ಬಾಯಿ ಮುಕ್ಕಳಿಸುವವರು ಇವರು. ಮಾವ ಶಿದ್ರಾಮಪ್ಪನವರು ಊರಿಗೆ ಸಾವಕಾರರು. ನನ್ನ ಗಂಡ ರಾಚಪ್ಪ ಅವರಿಗೆ ಒಬ್ಬನೇ ಮಗ. ಅಪ್ಪನೆದುರು ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುವ ಮನುಷ್ಯ.

ಹೊಳೆಯ ಆಚೆ ದಂಡೆಯಲ್ಲೂ ನಮ್ಮ ಹೊಲವಿತ್ತು. ಅಲ್ಲಿಯ ಜೋಳ, ಕುಸುಬೆಯನ್ನು ಸುಗ್ಗಿಯಲ್ಲಿ ಈಚೆಗೆ ದಾಟಿಸುವವನು ಅಂಬಿಗರ ಜಕ್ಕಪ್ಪ. ಉಳಿದ ದಿನ ಅದೇ ಹರಗೋಲಿನಲ್ಲಿ ಅವನು ಮೀನು ಹಿಡಿಯುತ್ತಿದ್ದ, ಅವನ ಹೆಂಡತಿ ಹೊಳೆವ್ವ ಬುಟ್ಟಿ ಹೊತ್ತು ಜಮಖಂಡಿಗೆ ಹೋಗಿ ಮಾರಿ ಬರುತ್ತಿದ್ದಳು. ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಹೊಸದು. ಆ ವರ್ಷದ ಮಹಾಪೂರದಲ್ಲಿ ಅವನ ತೊಗಲಿನ ಹರಗೋಲು ಹರಿದು ಚಿಂದಿಯಾಯಿತು. ಅದೇ ಮಳೆಗಾಳಿಗೆ ನಮ್ಮ ಹೊಲದ ಹಳೆಯ ಮಾವಿನ ಮರವೂ ಬುಡಸಮೇತ ಬಿತ್ತು. ಮಾವನವರು ಕಟ್ಟೆಯ ಮೇಲೆ ಕೂತು, ನಾಲ್ಕು ಜನರ ಎದುರು, ನನ್ನ ಕಿವಿಗೂ ಬೀಳುವ ಹಾಗೆ ಹೇಳಿದರು:

"ಮರಾ ತಗೋ ಜಕ್ಕಪ್ಪ, ಛಲೋ ಒಂದ ಕಟಗೀ ದೋಣಿ ಮಾಡ್ಕೋ. ಸುಗ್ಗ್ಯಾಗ ನಮ್ಮ ಮಾಲ ದಾಟಸು. ಉಳದ ದಿನಾ ಹೊಳಿ ಐತಿ, ನೀ ಅದಿ. ಏನರ ಹಿಡಕೋ."

ಏನಾದರೂ ಎಂದರೆ ಹೊಳೆಯಲ್ಲಿ ಮೊಲ ಹಿಡಿಯುತ್ತಾರೆಯೇ? ಮೀನು ಎಂಬ ಶಬ್ದ ಬಾಯಿಗೆ ಬರದಂತೆ ಮಾವನವರು ಕಾಯ್ದುಕೊಂಡರು, ಅಷ್ಟೇ.

ದಿಮ್ಮಿಯನ್ನು ಎತ್ತು ಹೂಡಿ ನಮ್ಮ ಹಿತ್ತಲಿಗೇ ಎಳೆದು ತಂದರು. ಬೇವಿನ ಮರದ ನೆರಳಿತ್ತು, ಕಳ್ಳಕಾಕರ ಭಯವಿರಲಿಲ್ಲ. ಕೊಯ್ದ ಹಲಗೆ ಒಣಗಿ ಶಿವರಾತ್ರಿ ದಾಟಿದ ಮೇಲೆ ಸಾವಳಗಿಯಿಂದ ಬಡಿಗ ಬಂದ. ಮುದುಕ ಹುಟ್ಟಿದಾಗಿನಿಂದ ಚಕ್ಕಡಿ ಮಾಡಿದವನು, ದೋಣಿ ಮಾಡಿದವನಲ್ಲ. ಹೆಂಡ ನಿಲ್ಲಿಸಿ ದಾರೂಬಂದಿ ಮಾಡಿದ ಸರ್ಕಾರಕ್ಕೆ ಬೈಯುತ್ತ ಬೈಯುತ್ತ ಬಾಚಿ ಬೀಸುತ್ತಿದ್ದ. ಜಕ್ಕಪ್ಪನಿಗೂ ಹರಗೋಲು ಬಿಟ್ಟರೆ ಬೇರೆ ಗೊತ್ತಿಲ್ಲ. ಇಬ್ಬರೂ ಕೂಡಿ ಒಂದು ಹಲಗೆ ಜೋಡಿಸುವುದು, ಜಗಳಾಡುವುದು, ಬಿಚ್ಚುವುದು, ಮತ್ತೆ ಜೋಡಿಸುವುದು. ಬೇಸಿಗೆಯುದ್ದಕ್ಕೂ ಜಕ್ಕಪ್ಪ ಗರಗಸ ಎಳೆದ. ಅವನ ಅಂಗೈ ಎರಡು ಸಲ ಸುಲಿದು ಹೊಸ ಚರ್ಮ ಬಂತು.

ಹೊಳೆವ್ವ ಮುಳ್ಳುಬೇಲಿಯ ಆಚೆ ಕೂತು ನೋಡುತ್ತಿದ್ದಳು. ಅವಳು ಒಳಗೆ ಬರುವ ಹಾಗಿರಲಿಲ್ಲ. ಗಂಡ ಕೆಲಸಕ್ಕೆ ಬರಬಹುದು, ಹೆಂಡತಿ ಬುಟ್ಟಿ ಹೊರುವವಳು, ಬರಬಾರದು. ಇದು ನಮ್ಮ ಅತ್ತೆಯ ಶಾಸ್ತ್ರ. ತಂಬಾಕು ಜಗಿದು ಪಿಚಕ್ ಎಂದು ಉಗುಳುವ ಹೆಂಗಸು, ಗಂಟಲು ಕೇಳಿದರೆ ಆಚೆ ದಂಡೆಯ ಹಕ್ಕಿ ಹಾರಬೇಕು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಬಾಯಾರಿಕೆ ಎಂದಾಗ ಬೇಲಿಯ ಮೇಲಿಂದ ಅವಳ ಬೊಗಸೆಗೆ ಮಜ್ಜಿಗೆ ಹೊಯ್ಯುತ್ತಿದ್ದೆ, ಮೂಗನ್ನು ಆಚೆ ತಿರುಗಿಸಿಕೊಂಡು.

ಬಸವ ಜಯಂತಿಯ ಹೊತ್ತಿಗೆ ದೋಣಿ ದೋಣಿಯ ಹಾಗೆ ಕಂಡಿತು. ಸಂದಿಗೆ ಹತ್ತಿ ತುರುಕಿ, ರಾಳ ಕುದಿಸಿ ಬಡಿದರು. ಅಲ್ಲಿಯ ತನಕ ಸರಿ. ಮರುದಿನ ಮಾವನವರು ಕಚೇರಿ ಕೆಲಸಕ್ಕೆ ಜಮಖಂಡಿಗೆ ಹೋದಾಗ ಜಕ್ಕಪ್ಪ ಒಂದು ಗಡಿಗೆ ತಂದ. ಮೀನಿನ ಕೊಬ್ಬು ಕಾಯಿಸಿ ಇಳಿಸಿದ ಎಣ್ಣೆ. ಅದನ್ನು ಬಳಿದರೆ ಹಲಗೆಗೆ ನೀರು ಹಿಡಿಯುವುದಿಲ್ಲವಂತೆ, ಹುಳ ಬೀಳುವುದಿಲ್ಲವಂತೆ. ಅರಿವೆ ಅದ್ದಿ ಅದ್ದಿ ದೋಣಿಯ ಒಳಗೂ ಹೊರಗೂ ತಿಕ್ಕಿದ.

ಆ ವಾಸನೆಯನ್ನು ಏನೆಂದು ಹೇಳಲಿ! ವೈಶಾಖದ ಬಿಸಿಲು. ಹಿತ್ತಲಿನಿಂದ ಅದು ಬಚ್ಚಲಿಗೆ ಬಂತು, ಬಚ್ಚಲಿನಿಂದ ಅಡಿಗೆಮನೆಗೆ. ಹಿಟ್ಟು ನಾದಿದರೆ ಹಿಟ್ಟಿನಲ್ಲಿ, ಮೊಸರು ಕಡೆದರೆ ಮೊಸರಿನಲ್ಲಿ, ತಲೆಗೆ ಹಾಕಿಕೊಂಡ ಎಣ್ಣೆಯಲ್ಲಿ, ಹಾಸಿಗೆಯ ಕೌದಿಯಲ್ಲಿ. ನನಗೆ ಎರಡು ಹೊತ್ತು ಅನ್ನ ಸೇರಲಿಲ್ಲ. ಅತ್ತೆಯಂತೂ ಸೆರಗಿಗೆ ಕರ್ಪೂರ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತು, ಮಾವನವರು ಬಾಗಿಲಿಗೆ ಬಂದ ಕೂಡಲೇ ಶುರುಮಾಡಿದರು.

"ಮನೀ ಏನ ಮೀನಿನ ಬಜಾರ ಮಾಡೀರೇನ? ಇದನ್ನ ತಗದ ಹೊರಗ ಒಗೀರಿ, ಇಲ್ಲಾಂದ್ರ ನಾ ಒಂದ ಹನಿ ನೀರ ಮುಟ್ಟಂಗಿಲ್ಲ."

ಜಕ್ಕಪ್ಪ ಕೈಮುಗಿದ. "ರಾಳ ಇನ್ನಾ ಹಸಿ ಐತ್ರಿ ಸಾವಕಾರ್ರ. ಈಗ ಎತ್ತಿದ್ರ ಸಂದಿ ಬಿಚ್ಚತಾವ. ಎಂಟ ದಿನಾ ತಡೀರಿ, ನಾನ ಒಯ್ತೇನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾವನವರು ಊರಿನ ಅಯ್ಯನವರನ್ನು ಕರೆಸಿದರು. ಅಯ್ಯನವರು ಪಾಪದ ಮನುಷ್ಯರು, ಕರೆದಲ್ಲಿ ಬರುವವರು, ಕೊಟ್ಟಷ್ಟು ಉಣ್ಣುವವರು. ದೋಣಿಯ ಸುತ್ತ ಪಾದೋದಕ ಚಿಮುಕಿಸಿದರು. ಮೂತಿಗೆ ಮೂರು ಬೆರಳಿನ ವಿಭೂತಿ ಎಳೆದರು, ಬಿಲ್ವಪತ್ರೆ ಏರಿಸಿದರು. "ಹೊಲಸು ಹೋತು ಅಂತ ತಿಳೀರಿ ಅವ್ವಾರ" ಎಂದರು. ಅತ್ತೆ ಮೂಗಿನಿಂದ ಸೆರಗು ತೆಗೆದರು, ದೀರ್ಘವಾಗಿ ಉಸಿರೆಳೆದರು. "ಹೂಂ, ಈಗ ಹೋತು ನೋಡ್ರಿ" ಎಂದರು. ವಾಸನೆ ಇದ್ದಲ್ಲೇ ಇತ್ತು. ಹೋದದ್ದು ಅತ್ತೆಯ ಮೂಗು.

ಎಂಟು ದಿನ ಕಳೆದ ಮೇಲೆ ಜಕ್ಕಪ್ಪ ತನ್ನವರನ್ನು ಕರೆದುಕೊಂಡು, ಹಗ್ಗ ಹಿಡಿದು ಬಂದ. ಅತ್ತೆ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗ ಒಯ್ತೀಯೋ?"

"ಹೊಳಿಗ್ರಿ ಅವ್ವಾರ."

"ಹೊಳ್ಯಾಗ ಏನ ಹಾಕ್ತಿ ಅದರಾಗ?"

ಜಕ್ಕಪ್ಪ ಹಗ್ಗದ ಸುರುಳಿ ಸರಿಪಡಿಸಿದ. ಆ ಶಬ್ದ ಈ ಮನೆಯಲ್ಲಿ ಆಡಬಾರದೆಂದು ಅವನಿಗೆ ಗೊತ್ತು.

"ಪಾದೋದಕಾ ಬಿದ್ದೈತಿ, ವಿಭೂತಿ ಏರೇತಿ. ಅಂಥಾದ್ದರಾಗ ಆ ಹೊಲಸ ಸುರೀತಿ? ನಮ್ಮ ಕುಲಾ ಉಳೀತೈತೇನೋ ಮೂಳಾ!"

ನಾನು ಮಾವನವರ ಮುಖ ನೋಡಿದೆ. ಕಟ್ಟೆಯ ಮೇಲೆ ಕೊಟ್ಟ ಮಾತು ನೆನಪಿಸಿ ಹೆಂಡತಿಯ ಬಾಯಿ ಮುಚ್ಚಿಸುತ್ತಾರೆ ಎಂದುಕೊಂಡೆ. ಅವರು ಮೀಸೆ ತಿಕ್ಕಿದರು. ಉಳುವವನಿಗೇ ಹೊಲ ಎನ್ನುವ ಕುಳಕಾಯ್ದೆ ಬಂದಾಗಿನಿಂದ ಅವರಿಗೆ ಒಂದೇ ಜಪ: ಈ ಸರ್ಕಾರದಲ್ಲಿ ಯಾರ ಕೈಯಲ್ಲಿ ಇರುತ್ತದೋ ಅವರದೇ ಆಗುತ್ತದೆ. ಹೊಲದ ಮಾತು ಅದು, ದೋಣಿಗೆ ಏನು ಸಂಬಂಧ? ಆದರೆ ಹೊಸ ಮಾವಿನ ಹಲಗೆ ನೋಡಿ ನೋಡಿ ಅವರಿಗೆ ಆಸೆ ಹುಟ್ಟಿತ್ತು. ಅತ್ತೆಯ ಮಡಿ ಅವರಿಗೆ ಕೈಗೆ ಸಿಕ್ಕ ಕೋಲಾಯಿತು.

"ಅಕೀ ಹೇಳೂದೂ ಖರೆ ಐತಿ ಜಕ್ಕಪ್ಪ. ದೋಣಿ ಇಲ್ಲೇ ಇರಲಿ. ಸುಗ್ಗ್ಯಾಗ ನೀನ ಬಂದ ಹುಟ್ಟ ಹಾಕು, ಮಾಲ ದಾಟಸು. ಆ ಬ್ಯಾರೆ ಕೆಲಸಾ ಇದರಾಗ ಬ್ಯಾಡ."

"ಸುಗ್ಗಿ ತಿಂಗಳದ್ದ ಮಾತ್ರೀ. ಉಳದ ವರಸಾ ನನ್ನ ಮನ್ಯಾಗ ಏನ ತಿನ್ಬೇಕ್ರಿ?"

"ದೇವರ ಅದಾನ" ಎಂದರು ಮಾವನವರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನನಗೆ ಅಂದು ಆ ಮೀನೆಣ್ಣೆಗಿಂತ ಹೇಸಿಗೆಯಾದದ್ದು ಈ 'ದೇವರ ಅದಾನ' ಎಂಬ ಮಾತು. ಜಕ್ಕಪ್ಪನ ಮನೆಯಲ್ಲಿ ಮೂರು ಮಕ್ಕಳು, ಒಬ್ಬ ಮುದುಕಿ, ಅವರಿಬ್ಬರು. ಇಷ್ಟು ಬಾಯಿಗೆ ಅನ್ನ ಹಾಕುವ ದೋಣಿಯನ್ನು ವಿಭೂತಿ ಬಳಿದು ಕಿತ್ತುಕೊಂಡರು. ಕದ್ದಿದ್ದರೆ ಕಳ್ಳರು ಅನ್ನಬಹುದಿತ್ತು. ಇವರನ್ನು ಏನನ್ನುವುದು?

ದೋಣಿಗೆ ದಿನಾ ಪೂಜೆಯಾಗಬೇಕು ಎಂದು ಅತ್ತೆ ಹೊಸ ಪದ್ಧತಿ ತಂದರು. ಪೂಜೆ ಮಾಡುವವರು ಯಾರು? ಸೊಸೆ. ಅತ್ತೆಗೆ ಮೊಣಕಾಲು ನೋವು. ಬೆಳಿಗ್ಗೆ ಎದ್ದು ಮಿಂದು ನಾನು ಆ ಜಿಡ್ಡು ಹಲಗೆಗೆ ವಿಭೂತಿ ಎಳೆಯಬೇಕು. ಬೆರಳಿಗೆ ಎಣ್ಣೆ ಅಂಟುತ್ತಿತ್ತು, ವಿಭೂತಿ ಕೆಸರಾಗುತ್ತಿತ್ತು. ಊರಿನ ಬೆಕ್ಕುಗಳೆಲ್ಲ ನಮ್ಮ ಹಿತ್ತಲಿನಲ್ಲಿ ಬೀಡುಬಿಟ್ಟವು. ನಾನು ವಿಭೂತಿ ಹಚ್ಚಿ ಬೆನ್ನು ತಿರುಗಿಸುವುದೇ ತಡ, ಬಂದು ಹಲಗೆ ನೆಕ್ಕುತ್ತಿದ್ದವು. ನೊಣ ಹೂವಿನ ಮೇಲೆ, ನೊಣ ದೀಪದ ಮೇಲೆ, ನೊಣ ನನ್ನ ತುಟಿಯ ಮೇಲೆ. ಥೂ!

ಪಕ್ಕದ ಮನೆಯ ಅನಸವ್ವ ಒಂದು ದಿನ ಬಂದು ಕೈಮುಗಿದಳು. ಅಂದೇ ಅವಳ ಎಮ್ಮೆ ಹೆಣ್ಣುಗರು ಹಾಕಿತು. ಆತು, ದೋಣಿ ಹೋಗಿ ದೋಣೆವ್ವ ಆಯಿತು. ಹೆಂಗಸರು ಉಡಿ ತುಂಬಲು ಬರತೊಡಗಿದರು. ಬಂದವರೆಲ್ಲ ಮೂಗು ಬಿಗಿಹಿಡಿದು, ಬಾಯಲ್ಲಿ ಉಸಿರಾಡುತ್ತ, "ಏನ ಪರಿಮಳಾನ ತಾಯೀ" ಎನ್ನುತ್ತಿದ್ದರು.

ಹೊಳೆವ್ವ ದಿನಾ ಬೇಲಿಯ ಹತ್ತಿರ ಬರುತ್ತಿದ್ದಳು. "ಅಕ್ಕಾರ, ಬಿಸಿಲಿಗೆ ದೋಣಿ ಒಣಗಾಕತ್ತೈತ್ರಿ. ಸಂದಿ ಬಿಟ್ಟಾವ ನೋಡ್ರಿ. ಒಂದ ಮಾತ ಹೇಳ್ರಿ ಸಾವಕಾರ್ರಿಗೆ." ನಾನು ನನ್ನ ಗಂಡನಿಗೆ ಹೇಳಿದೆ.

"ನೀವರ ಅಪ್ಪಾರಿಗೆ ತಿಳಿಸಿ ಹೇಳ್ರಿ. ಕೊಟ್ಟ ಮಾತ ಏನಾತಂತ ಕೇಳ್ರಿ."

"ದೇವರ ವಿಷಯದಾಗ ನಾ ಹ್ಯಾಂಗ ಬಾಯಿ ಹಾಕ್ಲಿ?"

"ದೇವರಾ? ಅದಕ್ಕ ಎಣ್ಣಿ ತಿಕ್ಕೂವಾಗ ನೀವ ಗಡಿಗಿ ಹಿಡದಿದ್ರಲ್ಲ?"

ಅವರು ಪಕ್ಕಕ್ಕೆ ಹೊರಳಿ ಮಲಗಿದರು. ಆ ಬೆನ್ನನ್ನು ನೋಡಿ ನನಗೆ ಒಂದು ಸಲ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ.

ಮಿರಗದ ಮಳೆ ಕೂಡಿತು. ಮೇಲೆ ಎಲ್ಲೋ ಮಳೆಯಾಗಿ ಹೊಳೆಗೆ ಕೆಂಪು ನೀರು ಬಂತು. ಹೊಸ ನೀರಿಗೆ ಮೀನು ಹತ್ತುವ ದಿನಗಳು ಇವೇ. ಅಂಬಿಗರಿಗೆ ವರ್ಷದ ಕೂಳು ಈ ಕೆಲವು ದಿನಗಳಲ್ಲೇ. ದೋಣಿಯಿಲ್ಲದ ಜಕ್ಕಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ಬಲೆ ಬೀಸಿದ. ಸೆಳವು ಅವನನ್ನು ಎಳೆದೊಯ್ದು ಜಾಲಿಯ ಬೇರಿಗೆ ಬಡಿಯಿತು. ಜೀವ ಉಳಿಯಿತು, ಮೈ ಸಿಪ್ಪೆಯೆದ್ದು ಹೋಯಿತು. ಅದನ್ನು ಊಟಕ್ಕೆ ಕೂತಾಗ ಕೇಳಿದ ಮಾವನವರು, "ಈಸು ಬಲ್ಲವಗ ಏನ ಆಗತೈತಿ" ಎಂದು ಇನ್ನೊಂದು ರೊಟ್ಟಿ ಕೇಳಿದರು. ಕೂಡಲೇ ಇನ್ನೊಂದು ಮಾತು: ಸೋಮವಾರ ಒಳ್ಳೆಯ ದಿನ, ದೋಣೆವ್ವನ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿ ಮೇಲೆ ಛಪ್ಪರ ಹಾಕಿಸುವುದು. ಕಟ್ಟೆ ಎದ್ದರೆ ದೋಣಿ ಮತ್ತೆ ಆ ಹಿತ್ತಲು ಬಿಟ್ಟು ಹೊರಗೆ ಹೋಗುವುದಿಲ್ಲ. ಇದು ನನಗೆ ತಿಳಿಯಿತು, ನನ್ನ ಗಂಡನಿಗೆ ತಿಳಿಯಿತು, ಊರಿಗೇ ತಿಳಿಯಿತು.

ಸೋಮವಾರ ಬೆಳಿಗ್ಗೆ ಗೌಂಡಿಗಳು ಕಲ್ಲು ಇಳಿಸಿದರು. ಅಯ್ಯನವರು ಮಣೆಯ ಮೇಲೆ ಕೂತರು. ಅನಸವ್ವ ಮೊದಲಾಗಿ ಹೆಂಗಸರು ನೆರೆದಿದ್ದರು. ದೋಣಿಯ ಒಳಗೆ ಹೂವು, ದೀಪ, ಹೋಳಿಗೆಯ ಎಡೆ. ಅತ್ತೆ ಬನಹಟ್ಟಿಯ ಹೊಸ ಸೀರೆ ಉಟ್ಟಿದ್ದರು. ನಾನು ಕಸ ಚೆಲ್ಲಲು ಬೇಲಿಯ ಹತ್ತಿರ ಹೋದರೆ ಅಲ್ಲಿ ಹೊಳೆವ್ವ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ. ಜಮಖಂಡಿಗೆ ಹೊರಟವಳು. ಕಲ್ಲಿನ ರಾಶಿ ನೋಡಿದಳು, ತಂಬಾಕು ಉಗುಳಿದಳು. ಅಳಲಿಲ್ಲ.

"ನಿಮ್ಮ ದೇವರಿಗೆ ನನ್ನ ಗಂಡನ ಬೆವರಿನ ವಾಸನಿ ಹತ್ತಂಗಿಲ್ಲೇನ್ರಿ ಅಕ್ಕಾರ?"

"ಬುಟ್ಟ್ಯಾಗ ಏನೈತಿ?" ಎಂದೆ.

"ಮತ್ತೇನಿರತೈತ್ರಿ? ನಾಕ ಮೀನ ಅದಾವು. ದಂಡ್ಯಾಗ ಸಿಕ್ಕಾವು."

"ಒಂದ ಕೊಡ."

ಹೊಳೆವ್ವ ಹೋ ಎಂದು ನಕ್ಕಳು. "ನೀವು? ಏನ, ಸಾರ ಮಾಡ್ತೀರಿ?"

"ಬಾಯಿ ಮುಚಗೊಂಡ ಕೊಡ ಬೇ."

ಅವಳು ಕೊಟ್ಟದ್ದು ಮೊಳಕೈ ಉದ್ದದ, ಮೀಸೆಯಿದ್ದ ಮೀನು. ಇನ್ನೂ ಜೀವವಿತ್ತು. ನನ್ನ ಬೆರಳಿನ ನಡುವೆ ಅದು ಲೋಳೆ ಲೋಳೆಯಾಗಿ ಜಾರಿತು, ನಾನು ಸೆರಗು ಸುತ್ತದೆ ಬರಿಗೈಯಲ್ಲೇ ಬಿಗಿಹಿಡಿದೆ. ಅದರ ಬಾಯಿ ತೆರೆದು ಮುಚ್ಚುತ್ತಿತ್ತು. ನನ್ನ ಬಾಯಿಗೆ ಹುಳಿ ನೀರು ಬಂತು. ನುಂಗಿದೆ. ಹೆಂಗಸರ ನಡುವೆ ನಡೆದು ಹೋಗಿ ದೋಣಿಯೊಳಗೆ ಒಗೆದುಬಿಟ್ಟೆ.

ಮೀನು ಹೋಳಿಗೆಯ ಮೇಲೆ ಬಿತ್ತು. ಅಲ್ಲಿಂದ ಜಿಗಿದು ದೀಪದ ಮೇಲೆ ಬಿತ್ತು, ದೀಪ ನಂದಿತು. ವಿಭೂತಿಯಲ್ಲಿ ಹೊರಳಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಪಟಪಟ ಬಡಿಯಿತು. ಅತ್ತೆ ಕಿರಿಚಿದರು. ಅಯ್ಯನವರು ಧೋತರ ಎತ್ತಿಕೊಂಡು ಮಣೆಯ ಮೇಲೆ ಎದ್ದು ನಿಂತರು.

"ಏನ ಮಾಡಿದೀ ಬೇ!" ಮಾವನವರು ಕೂಗಿದರು.

"ಮೀನ ಹಾಕೇನ್ರಿ ಮಾವಾರ. ಮೀನ ಹಿಡಿಯೂ ದೋಣಿ ಅದು."

ಆ ಹಿತ್ತಲಿನಲ್ಲಿ ಆ ಶಬ್ದವನ್ನು ಗಟ್ಟಿಯಾಗಿ ಯಾರೂ ಆಡಿರಲಿಲ್ಲ. ಗೌಂಡಿಗಳು ಕಲ್ಲು ಕೆಳಗಿಟ್ಟರು. ಮಾವನವರು ಅಯ್ಯನವರ ಕಡೆ ತಿರುಗಿದರು. "ಮತ್ತೊಮ್ಮೆ ಪಾದೋದಕಾ ಚಿಮುಕಸ್ರಿ ಅಯ್ಯನವರ. ತೊಳದಂಗ ಆಗತೈತಿ."

"ಚಿಮುಕಸ್ರಿ" ಎಂದೆ ನಾನು. "ನಾಳಿಗಿ ಮತ್ತೊಂದ ಹಾಕ್ತೇನಿ. ನಾಡದ ಇನ್ನೊಂದ. ನೀವು ದಿನಾ ಚಿಮುಕಸ್ರಿ, ನಾ ದಿನಾ ಹಾಕ್ತೇನಿ. ಹೊಳ್ಯಾಗ ಮೀನಿಗೇನ ಬರಾ ಬಿದ್ದೈತ್ರಿ?"

ಅಯ್ಯನವರು ನನ್ನ ಮುಖ ನೋಡಿದರು, ಮೀನಿನ ಮುಖ ನೋಡಿದರು. "ಸಾವಕಾರ್ರ, ಇದು ನನ್ನ ಕೈ ಮೀರಿದ್ದು" ಎಂದು ಮಣೆಯಿಂದ ಇಳಿದು ಹೊರಟರು. ಅವರ ಹಿಂದೆ ಹೆಂಗಸರು ಹೊರಟರು. ಅತ್ತೆ ಹೊಸ ಸೀರೆಯ ಸೆರಗನ್ನು ಮೂಗಿಗೆ ತುರುಕಿಕೊಂಡು ಬೇವಿನ ಮರಕ್ಕೆ ಆತುಕೊಂಡಿದ್ದರು. ಅಷ್ಟು ದಿನ ಕಾಣೆಯಾಗಿದ್ದ ಮೂಗು ತಿರುಗಿ ಬಂದಿತ್ತು. "ಒಯ್ರೋ, ಯಾರರ ಒಯ್ರೋ ಇದನ್ನ! ಈಗಿಂದೀಗ! ನಾರಾಕತ್ತೈತಿ!"

ಹೊಳೆವ್ವ ದಂಡೆಯ ಕಡೆ ತಿರುಗಿ ಕೂಗಿದ್ದೇ ತಡ, ಜಕ್ಕಪ್ಪನ ಕಡೆಯವರು ಬಂದು ಬೇಲಿ ಕಿತ್ತು ದೋಣಿಯನ್ನು ಎಳೆದುಕೊಂಡು ಹೋದರು. ಸಿಪ್ಪೆಯೆದ್ದ ಮೈಯಲ್ಲೇ ಜಕ್ಕಪ್ಪನೂ ಹಗ್ಗಕ್ಕೆ ಕೈಹಾಕಿದ. ಮಾವನವರು ತಡೆಯಲಿಲ್ಲ. ತಡೆದರೆ ಹೊಲಸು ದೋಣಿ ನನ್ನದು ಎಂದು ಊರ ಮುಂದೆ ಒಪ್ಪಬೇಕಲ್ಲ! ಹೊಳೆವ್ವ ನನಗೆ ಕೈಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ. ದೋಣಿಯೊಳಗೆ ಬಗ್ಗಿ ಮೀನು ಎತ್ತಿಕೊಂಡಳು, ವಿಭೂತಿ ಒರೆಸಿದಳು, ಬುಟ್ಟಿಗೆ ಹಾಕಿಕೊಂಡಳು. "ಇದು ಮಾರೂದೈತ್ರಿ" ಎಂದು ಹೋದಳು.

ಒಣಗಿದ ಹಲಗೆ ನೀರು ಕುಡಿದು ಉಬ್ಬಲಿ ಎಂದು ಅವರು ದೋಣಿಗೆ ಕಲ್ಲು ತುಂಬಿ ದಂಡೆಯ ಆಳವಿಲ್ಲದ ನೀರಿನಲ್ಲಿ ಮುಳುಗಿಸಿಟ್ಟರು. ಅನಸವ್ವ ಅದನ್ನು ಕಂಡು ದೋಣೆವ್ವ ಸಿಟ್ಟಾಗಿ ಗಂಗೆಯ ಪಾಲಾದಳು ಎಂದು ಗಲ್ಲ ಬಡಿದುಕೊಂಡಳು. ಎರಡು ದಿನದ ಮೇಲೆ ಕಲ್ಲು ತೆಗೆದು ನೀರು ಚೆಲ್ಲಿದಾಗ ಅದು ಮೇಲೆದ್ದು ತೇಲಿತು. ಚಕ್ಕಡಿಯ ಹಾಗೆ ಭಾರ, ಆದರೂ ತೇಲಿತು. ಮೀನು ಇನ್ನೂ ಹತ್ತುತ್ತಿದ್ದವು.

ಅದು ಆಮೇಲಿನ ಮಾತು. ಆ ಸೋಮವಾರ ಎಲ್ಲರೂ ಹೋದ ಮೇಲೆ ನಾನು ಗೋಡೆ ಹಿಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದೆ. ಬೂದಿಯಿಂದ ಕೈ ತಿಕ್ಕಿದೆ, ಹುಣಸೆಹಣ್ಣಿನಿಂದ ತಿಕ್ಕಿದೆ, ಸಗಣಿಯಿಂದಲೂ ತಿಕ್ಕಿದೆ. ಹೋಗಲಿಲ್ಲ. ಅತ್ತೆ ದೂರದಿಂದಲೇ ತೀರ್ಪು ಕೊಟ್ಟರು. ಮೀನು ಮುಟ್ಟಿದವಳು ಒಳಗೆ ಕಾಲಿಡಬಾರದು, ಒಲೆ ಮುಟ್ಟಬಾರದು. ತವರಿಗೆ ಹೇಳಿ ಕಳಿಸುತ್ತೇವೆ. ನನ್ನ ಗಂಡ ಒಂದು ಸಲ ಕೆಮ್ಮಿದರು. ಹೊರಗೆ ಹೋಗಿಯೇ ಕೆಮ್ಮಿದರು. ನಾನು ಹಿತ್ತಲಿನಲ್ಲಿ, ದೋಣಿ ಇದ್ದ ಜಾಗದ ಪಕ್ಕ, ಬೇವಿನ ಬುಡದಲ್ಲಿ ಕೂತೆ. ಮಧ್ಯಾಹ್ನ ಎಡೆಗೆಂದು ಮಾಡಿ ಒಳಗೆ ಉಳಿದಿದ್ದ ಹೋಳಿಗೆಯಲ್ಲಿ ಅವರ ಊಟವಾಯಿತು.

ಹೊತ್ತು ಇಳಿಯಿತು. ಹೊಲದಿಂದ ಬಂದ ಮಾವನವರು ಪಡಸಾಲೆಯಲ್ಲಿ ಕೂತು ಒಮ್ಮೆ ಕೇಕರಿಸಿದರು, ಎರಡು ಸಲ ಕೇಕರಿಸಿದರು. ಅದು ಹಸಿವಿನ ಕೇಕರಿಕೆ. ಒಲೆಯ ಮುಂದೆ ಕೂತ ಅತ್ತೆ ಹಿಟ್ಟು ನಾದಿ ಒಂದು ರೊಟ್ಟಿ ಬಡಿಯಲು ನೋಡಿದರು. ಅದು ಹರಿದು ಮೂರು ಚೂರಾಯಿತು. ಎಷ್ಟು ವರ್ಷವಾಗಿತ್ತು ಅವರು ರೊಟ್ಟಿ ಬಡಿದು! ಮೊಣಕಾಲು ಹಿಡಿದುಕೊಂಡು ಎದ್ದರು. ತಂಬಿಗೆಯಲ್ಲಿ ಉಳಿದಿದ್ದ ಪಾದೋದಕ ತಂದು ನನ್ನ ತಲೆಯ ಮೇಲೆ ಚಿಮುಕಿಸಿದರು.

"ಆತು, ಹೋತು. ಏಳು, ಹೆಂಚ ಕಾದೈತಿ."

ನಾನು ಎದ್ದು ಹೋಗಿ ರೊಟ್ಟಿ ಬಡಿದೆ. ಹಿಟ್ಟಿನ ಮೇಲೆ ಅಂಗೈ ಬಿದ್ದಾಗೆಲ್ಲ ಮೀನಿನ ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ಹೆಂಚಿನಿಂದ ಇಳಿದ ರೊಟ್ಟಿಯಲ್ಲೂ ಅದೇ. ಮಾವನವರು ಉಂಡರು, ಅತ್ತೆ ಉಂಡರು, ನನ್ನ ಗಂಡ ಇನ್ನೊಂದು ಹಾಕಿಸಿಕೊಂಡರು. "ಇವತ್ತ ರೊಟ್ಟಿ ಮೆತ್ತಗ ಆಗ್ಯಾವ" ಎಂದರು ಅತ್ತೆ. ನಾನೊಬ್ಬಳೇ ಉಣ್ಣಲಿಲ್ಲ.